ಶಾಸನದಂತೆ ರಶೀದಿ: ಊರ ಸಂಗ್ರಹಾಲಯಕ್ಕೆ ದೇಣಿಗೆ ಎತ್ತುವ ಬಗೆ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಸೇರಿರುವ ಹೆಚ್ಚಿನವರು ತಮ್ಮ ತಾಲ್ಲೂಕಿನ ಇತಿಹಾಸ ಸಂಗ್ರಹಾಲಯವನ್ನು ಮತ್ತೆ ಕಟ್ಟಲು ಹೊರಟವರು. ಮಾಡು ಸೋರಿ, ಪಕಾಸಿಗೆ ಗೆದ್ದಲು ಹಿಡಿದು, ವೀರಗಲ್ಲು, ದಾನಶಾಸನದ ಕಲ್ಲುಗಳು ಅಂಗಳದಲ್ಲಿ ನೆನೆಯುತ್ತಿವೆ; ತಾಳೆಗರಿ ಕಟ್ಟುಗಳು ಯಾರದೋ ಅಟ್ಟ ಸೇರಿವೆ. ಹಣ ಎತ್ತುವ ಪಾಠ ಅಂಗಳದ ಆ ಕಲ್ಲುಗಳಲ್ಲೇ ಇದೆ. ದಾನಶಾಸನ ಓದಿದವರಿಗೆ ಗೊತ್ತು: ಯಾರು ಕೊಟ್ಟರು, ಯಾವುದಕ್ಕೆ ಕೊಟ್ಟರು, ಭೂಮಿಯ ಎಲ್ಲೆ ಎಲ್ಲಿಯದು, ಸಾಕ್ಷಿ ಯಾರು, ಯಾರು ನಡೆಸಿಕೊಂಡು ಹೋಗಬೇಕು, ಎಲ್ಲವನ್ನೂ ಕೆತ್ತಿರುತ್ತಾರೆ. ಕೊನೆಯಲ್ಲಿ, ಕೊಟ್ಟದ್ದನ್ನು ಕಸಿದವನು 60,000 ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪಾಶಯ. ಊರವರ ಮುಂದೆ ಬರೆದಿಟ್ಟ ಲೆಕ್ಕ ಅದು. ನಮ್ಮ ರಶೀದಿ ಪುಸ್ತಕ ಅಷ್ಟು ಸ್ಪಷ್ಟವಾಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಅಂದಾಜುಪಟ್ಟಿ. ಎಂಜಿನಿಯರ್ ಕೊಡುವ ಮೊತ್ತದಲ್ಲಿ ಗೋಡೆ, ಮಾಡು, ನೆಲ ಇರುತ್ತವೆ. ಗಾಜಿನ ಪೆಟ್ಟಿಗೆ, ವೈರಿಂಗ್, ಬೆಂಕಿ ನಂದಿಸುವ ಸಿಲಿಂಡರ್, ಗೆದ್ದಲು ಮದ್ದು, ಗುತ್ತಿಗೆಯ ಮೇಲಿನ ಜಿಎಸ್‌ಟಿ ಹಲವು ಸಲ ಬಿಟ್ಟುಹೋಗಿರುತ್ತವೆ. ಇವನ್ನೆಲ್ಲ ಸೇರಿಸಿ, ಮೇಲೆ ನೂರಕ್ಕೆ ಹತ್ತರಷ್ಟು ಇಟ್ಟುಕೊಳ್ಳಿ. ಹಣ ಅರ್ಧ ಬಂದಾಗಲೇ ಅಡಿಪಾಯ ತೋಡಿದರೆ ಮೋಟುಗೋಡೆ ಮಳೆಗಾಲವಿಡೀ ನೆನೆಯುತ್ತದೆ. ಆಗ ಕೊಟ್ಟವರಿಗೂ ಬೇಸರ, ಕೊಡಬೇಕೆಂದಿದ್ದವರಿಗೂ ಹಿಂಜರಿಕೆ.

ಉದಾಹರಣೆಗೆ ಒಟ್ಟು 40 ಲಕ್ಷ ಬೇಕು ಎನ್ನೋಣ. 1,000 ಮನೆಗೆ 4,000ದಂತೆ ಹಂಚಿದರೆ ಲೆಕ್ಕ ಕಾಗದದ ಮೇಲೆ ಮಾತ್ರ ಸರಿಹೋಗುತ್ತದೆ. ಕೂಲಿಯವರ ಮನೆಗೆ ಅದು ಭಾರ. ದೊಡ್ಡ ತೋಟದವರು ಅಷ್ಟೇ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಮೆಟ್ಟಿಲು ಮಾಡಿಕೊಳ್ಳಿ: 6 ಲಕ್ಷದ್ದು ಒಂದು, 3 ಲಕ್ಷದ್ದು ಎರಡು, 1 ಲಕ್ಷದ್ದು ಆರು. ಈ ಒಂಬತ್ತು ಜನರಿಂದಲೇ 18 ಲಕ್ಷ ಆಯಿತು. 25,000ದಂತೆ 20, 10,000ದಂತೆ 70, 5,000ದಂತೆ 100, ಸಾವಿರದಂತೆ 250, ಐನೂರರಂತೆ 500 ಮನೆ; ಅಲ್ಲಿಗೆ 40 ಲಕ್ಷ. ಆ ಒಂಬತ್ತು ಜನ ಸಿಗಬೇಕಾದರೆ ಮೂವತ್ತು ಮನೆಯ ಬಾಗಿಲಿಗಾದರೂ ಹೋಗಬೇಕು, ಫೋನಿನಲ್ಲಿ ಆಗುವ ಕೆಲಸವಲ್ಲ. ಅರ್ಧ ಮೊತ್ತ ಖಾತೆಗೆ ಬಂದ ಮೇಲೆಯೇ ಬ್ಯಾನರ್ ಕಟ್ಟಿ. ವೇದಿಕೆಯಲ್ಲಿ ಮೈಕ್ ಹಿಡಿದು ಘೋಷಿಸಿದ್ದನ್ನು ಬಂದ ಹಣದ ಕಾಲಂನಲ್ಲಿ ಬರೆಯಬೇಡಿ. ಅದಕ್ಕೆ ಬೇರೆ ಪುಟವಿರಲಿ, ಕೊಡುವ ತಾರೀಕು ಹಾಕಿ ಸಹಿ ಪಡೆಯಿರಿ.

ಕಾಲ ನೋಡಿ ಹೋಗಬೇಕು. ಸುಗ್ಗಿ ಮುಗಿದು, ಅಡಿಕೆ ಮಂಡಿಯಿಂದ ಹಣ ಕೈಗೆ ಬಂದಾಗ, ಸಂಕ್ರಾಂತಿಯಿಂದ ಯುಗಾದಿಯವರೆಗೆ, ಇಲ್ಲವೇ ಜಾತ್ರೆಗೆ ಪರಊರಿನವರು ಬಂದಾಗ. ಜೂನ್‌ನಲ್ಲಿ ಶಾಲೆ ಫೀಸು, ಬೀಜ, ಗೊಬ್ಬರ. ಆಗ ಹೋದರೆ ಇಲ್ಲ ಎನ್ನಲಾಗದೆ ನೂರು ರೂಪಾಯಿ ಕೊಟ್ಟು ಕಳಿಸುತ್ತಾರೆ, ಮತ್ತೆ ಅದೇ ಮನೆಗೆ ಹೋಗಲು ನಿಮಗೇ ಮುಖವಿರುವುದಿಲ್ಲ.

ಇನ್ನು ರಶೀದಿ. ಮುದ್ರಿತ ಕ್ರಮಸಂಖ್ಯೆ, ಮೂರು ಪ್ರತಿ: ದಾನಿಗೆ, ಲೆಕ್ಕಿಗರಿಗೆ, ಪುಸ್ತಕದಲ್ಲೊಂದು. ಹಾಳಾದ ಹಾಳೆ ಹರಿಯದೆ ‘ರದ್ದು’ ಎಂದು ಬರೆದು ಉಳಿಸಿ. ಯಾರ ಕೈಗೆ ಯಾವ ಸಂಖ್ಯೆಯ ಪುಸ್ತಕ ಹೋಯಿತು ಎಂಬುದಕ್ಕೆ ಒಂದು ರಿಜಿಸ್ಟರ್ ಇರಲಿ. ಟ್ರಸ್ಟ್ ಹೆಸರಿನ ಖಾತೆ, ಇಬ್ಬರ ಜಂಟಿ ಸಹಿ. ಕ್ಯೂಆರ್ ಕೋಡನ್ನು ಅಚ್ಚಿಗೆ ಕೊಡುವ ಮೊದಲು ಸ್ಕ್ಯಾನ್ ಮಾಡಿ. ಟ್ರಸ್ಟಿನ ಹೆಸರೇ ಕಾಣಬೇಕು. ಖಜಾಂಚಿ ಎಷ್ಟೇ ಪ್ರಾಮಾಣಿಕರಾಗಿರಲಿ, ಅವರ ಸ್ವಂತ ಹೆಸರು ಕಂಡರೆ ಅನುಮಾನ ಹುಟ್ಟುತ್ತದೆ, ಹುಟ್ಟಿದ ಅನುಮಾನವನ್ನು ಯಾವ ಆಡಿಟ್ ವರದಿಯೂ ಅಳಿಸದು. ವಾರಕ್ಕೊಮ್ಮೆ ಬಂದದ್ದು, ಖರ್ಚಾದದ್ದು, ಎರಡನ್ನೂ ಪಂಚಾಯಿತಿ ನೋಟಿಸ್ ಬೋರ್ಡಿಗೆ ಹಚ್ಚಿ. ಐನೂರು ಕೊಟ್ಟವರ ಹೆಸರೂ ಆರು ಲಕ್ಷದವರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿರಲಿ.

ತೆರಿಗೆ ವಿಷಯ ಚುಟುಕಾಗಿ. ದಾನಿಗೆ ಆದಾಯ ತೆರಿಗೆಯಲ್ಲಿ ಸಿಗುವ, 80ಜಿ ಎಂದು ರೂಢಿಯಲ್ಲಿರುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ. 2,000 ರೂಪಾಯಿ ಮೀರಿದ ನಗದಿಗೆ ಅದು ದಕ್ಕದು. ಪ್ಯಾನ್ ಸಂಖ್ಯೆಯನ್ನು ರಶೀದಿ ಬರೆಯುವಾಗಲೇ ಕೇಳಿ, ವರ್ಷದ ಕೊನೆಗೆ ಹುಡುಕುತ್ತಾ ಅಲೆಯುವುದು ನರಕ. ಬಾಗಿಲಲ್ಲಿಟ್ಟ ಹುಂಡಿಯ ಹಣ ಹೆಸರಿಲ್ಲದ ದಾನ. ಮಿತಿ ದಾಟಿದರೆ ಅದಕ್ಕೆ ತೆರಿಗೆ ಬೀಳುತ್ತದೆ. ಅಮೆರಿಕದಲ್ಲಿರುವ ಊರಿನ ಮಕ್ಕಳು ಕೊಡಲು ಸಿದ್ಧರಿರುತ್ತಾರೆ. ಅವರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ಹಣವೇ; ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿಯಿಲ್ಲದೆ ಮುಟ್ಟಬೇಡಿ.

ಹಣ ಕೇಳಲು ಹೋದ ಮನೆಯಲ್ಲಿ ವಸ್ತುವನ್ನೂ ಕೊಡುತ್ತಾರೆ: ಕಡತ, ಬಳ್ಳ, ಸೇರು, ಅಜ್ಜನ ಕತ್ತಿ. ಇಲ್ಲಿ ಹೆಚ್ಚು ಎಚ್ಚರ ಬೇಕು. ಶಾಶ್ವತ ದಾನವೋ, ಎರವಲೋ ಎಂದು ಬರೆಸಿಕೊಳ್ಳದಿದ್ದರೆ ಹತ್ತು ವರ್ಷದ ಮೇಲೆ ಮೊಮ್ಮಗ ಬಂದು ವಾಪಸು ಕೇಳುತ್ತಾನೆ. ‘ಸದಾ ಪ್ರದರ್ಶನದಲ್ಲಿರಬೇಕು’ ಎಂಬ ಷರತ್ತನ್ನು ವಿನಯದಿಂದ ನಿರಾಕರಿಸಿ. ತಾಳೆಗರಿ, ಬಟ್ಟೆಗಳನ್ನು ಬೆಳಕಿನಿಂದ ಆಗಾಗ ಒಳಗಿಡಲೇಬೇಕು, ಇಲ್ಲವಾದರೆ ಬಣ್ಣ ಹೋಗುತ್ತದೆ. ನೂರು ವರ್ಷ ದಾಟಿದ ವಿಗ್ರಹ, 75 ದಾಟಿದ ಹಸ್ತಪ್ರತಿಗಳು 1972ರ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತವೆ. ಎಲ್ಲಿಂದ ಬಂತೆಂದು ಹೇಳಲಾಗದ ವಿಗ್ರಹ ಬೇಡವೇ ಬೇಡ, ಅದು ಯಾವ ಗುಡಿಯಿಂದ ಕದ್ದದ್ದೋ.

ಹೆಚ್ಚಿನ ಸಮಿತಿಗಳು ಸೋಲುವುದು ಉದ್ಘಾಟನೆಯ ನಂತರ. ಗೋಡೆಗೆ ಕೊಟ್ಟವರು ತೇವ ಹೀರುವ ಸಿಲಿಕಾ ಜೆಲ್‌ಗೆ ಕೊಡುವುದಿಲ್ಲ. ಪೆಟ್ಟಿಗೆಯೊಳಗೆ ನೀಲಿ ಇದ್ದದ್ದು ತೇವ ಹೀರಿ ನಸುಗೆಂಪಾದಾಗ ಅದನ್ನು ಕಾಯಿಸಿ ಮತ್ತೆ ಇಡಲು ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು. ಶ್ರವಣಬೆಳಗೊಳದ 13ನೆಯ ಶತಮಾನದ ಶಾಸನಗಳನ್ನು ನೋಡಿ: ಗೊಮ್ಮಟನ ನಿತ್ಯಾಭಿಷೇಕದ ಹಾಲಿಗೆಂದು ಭಕ್ತರು ಗದ್ಯಾಣ ಎಂಬ ಚಿನ್ನದ ನಾಣ್ಯಗಳನ್ನು ಇಟ್ಟರು, ಬಡ್ಡಿಯಿಂದ ಹಾಲು ನಡೆಯಬೇಕೆಂದು ಬರೆಸಿದರು. ಅಸಲು ಮುಟ್ಟುವಂತಿಲ್ಲ. ನಮಗೂ ಅಂಥದೇ ಮೂಲನಿಧಿ ಬೇಕು. ವರ್ಷದ ಖರ್ಚು 3 ಲಕ್ಷ, ಬಡ್ಡಿ ನೂರಕ್ಕೆ ಆರೂವರೆ ಎಂದರೆ ನಿಧಿ 46 ಲಕ್ಷ ಆಗಬೇಕು; ಕಟ್ಟಡಕ್ಕಿಂತ ಹೆಚ್ಚು. ಟಿಕೆಟ್, ಶಾಲಾ ಪ್ರವಾಸ, ಸಭಾಂಗಣದ ಬಾಡಿಗೆಯಿಂದ ಅರ್ಧ ಹುಟ್ಟಿದರೂ 23 ಲಕ್ಷ. ಆದ್ದರಿಂದ ಮೊದಲ ದಿನದಿಂದಲೇ ರಶೀದಿಯಲ್ಲಿ ಎರಡು ಚೌಕಗಳಿರಲಿ, ಕಟ್ಟಡಕ್ಕೆ, ಮೂಲನಿಧಿಗೆ ಎಂದು. ಮೂಲನಿಧಿಗೆ ಎಂಬುದನ್ನು ದಾನಿಯೇ ಗುರುತು ಹಾಕಿ ಸಹಿ ಮಾಡಬೇಕು, ನಾವು ಆಮೇಲೆ ತುಂಬಿಕೊಳ್ಳುವಂತಿಲ್ಲ.

ಅಂಥ ರಶೀದಿಯ ಮಾದರಿ ಈ ಮೇಜಿನ ಮೇಲಿದೆ. ಮುಂದೆ ಬಂದು ನೋಡಿ, ಪ್ರಶ್ನೆಗಳನ್ನು ಅದನ್ನು ಹಿಡಿದುಕೊಂಡೇ ಮಾತಾಡೋಣ.