ಕತ್ತಿಯ ಹಿಡಿಗೆ ಒಪ್ಪುವ ಮರ

ಕೇಳುಗರೆಲ್ಲರಿಗೂ ನಮಸ್ಕಾರ.

ಕತ್ತಿ ಕೊಳ್ಳಲು ಹೋದವರು ಅಲಗನ್ನು ಬೆರಳಿನಿಂದ ಸವರಿ ನೋಡುತ್ತಾರೆ, ಹರಿತ ಹೇಗಿದೆಯೆಂದು ವಿಚಾರಿಸುತ್ತಾರೆ; ಹಿಡಿಯನ್ನು ಅಂಗೈಯಲ್ಲಿಟ್ಟು ನೋಡುವವರು ವಿರಳ. ಅಲಗು ಮೊಂಡಾದರೆ ಸಾಣೆ ಹಿಡಿಸಬಹುದು. ಆದರೆ ದಿನವೂ ಕೈಗೆ ತಾಗುವುದು ಹಿಡಿ; ಅಂಗೈಯಲ್ಲಿ ಬೊಬ್ಬೆ ಏಳುವುದೂ ಒದ್ದೆ ಕೈಯಿಂದ ಕತ್ತಿ ಜಾರುವುದೂ ಬಹುಮಟ್ಟಿಗೆ ಅದರಿಂದಲೇ. ಬಗೆಬಗೆಯ ಹಿಡಿಗಳನ್ನು ಬಳಸಿ ನೋಡಿದ ಮೇಲೆ, ಅಡುಗೆಮನೆಯ ಕತ್ತಿಗೆ ಬೀಟೆಯ ಹಿಡಿಯೇ ಸರಿ ಎಂಬ ನಿರ್ಧಾರಕ್ಕೆ ನಾನು ಬಂದಿದ್ದೇನೆ.

ಒಣಗಿದ ಬೀಟೆ ಒಂದು ಘನ ಮೀಟರಿಗೆ ಸುಮಾರು 850 ಕಿಲೋ ತೂಗುತ್ತದೆ. ತೇಗವಾದರೆ 650ರ ಆಸುಪಾಸು. ಈ ತೂಕದಿಂದಾಗಿ ಅಲಗಿನ ಭಾರಕ್ಕೆ ಹಿಡಿಯ ಭಾರ ಸರಿದೂಗಿ, ತರಕಾರಿ ಹೆಚ್ಚುವಾಗ ಮಣಿಕಟ್ಟು ಬೇಗ ದಣಿಯುವುದಿಲ್ಲ. ಬೀಟೆಯ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅದು ಸುಲಭವಾಗಿ ಸೀಳುವುದೂ ಇಲ್ಲ. ಹಾಗೆಂದು ಹಿಡಿಗಾಗಿ ಯಾರೂ ಬೀಟೆಯ ಮರ ಕಡಿಯಬೇಕಾಗಿಲ್ಲ, ಅನುಮತಿಯಿಲ್ಲದೆ ಕಡಿಯುವಂತೆಯೂ ಇಲ್ಲ. ನನ್ನ ಕತ್ತಿಯ ಹಿಡಿ ಮುರಿದುಹೋದ ಹಳೆಯ ಮಂಚದ ಕಾಲಿನಿಂದ ಬಂದದ್ದು. ದಶಕಗಳ ಕಾಲ ಮನೆಯೊಳಗೆ ಒಣಗಿದ ಮರ ಹೊಸದರಂತೆ ಬಾಗುವುದಿಲ್ಲ, ಬಿರಿಯುವುದಿಲ್ಲ. ಆರಿಸುವಾಗ ಹೊರಗಿನ ಬಿಳಿಯ ಪದರವನ್ನು ಬಿಟ್ಟು ಒಳಗಿನ ಕಪ್ಪು ಚೇಗನ್ನೇ ತೆಗೆದುಕೊಳ್ಳಬೇಕು. ಹುಳು ಮೊದಲು ಬೀಳುವುದು ಆ ಬಿಳಿಯ ಭಾಗಕ್ಕೆ.

ಆ ಹಿಡಿಯನ್ನು ಕೂರಿಸಿದ ಬಗೆಯನ್ನು ನಾನು ಕುಲುಮೆಯ ಮುಂದೆ ಕುಳಿತು ನೋಡಿದ್ದೇನೆ. ಆಚಾರರು ಮರಕ್ಕೆ ತೂತು ಕೊರೆದು, ಬಾಯಿಗೆ ಹಿತ್ತಾಳೆಯ ಬಳೆ ತೊಡಿಸಿ, ತೂತಿನೊಳಗೆ ಅರಗಿನ ಪುಡಿ ತುಂಬಿದರು. ಬಳಿಕ ಅಲಗಿನ ಹಿಂದಿನ ಚೂಪು ಬಾಲವನ್ನು ಕಾಯಿಸಿ ಒಳಕ್ಕೆ ಒತ್ತಿದರು. ಅರಗು ಕರಗಿ ಬಳೆಯ ಅಂಚಿನಲ್ಲಿ ಒಂದು ಹನಿ ಹೊರಗೆ ಇಣುಕಿ, ಆರಿ, ಗಟ್ಟಿಯಾಯಿತು. ಇಂಥ ಕತ್ತಿಯನ್ನು ಒಲೆಯ ಪಕ್ಕದಲ್ಲಿ ಇಡಬಾರದು, ಕುದಿಯುವ ನೀರಿಗೂ ಹಾಕಬಾರದು. ಬಿಸಿ 75 ಡಿಗ್ರಿಯ ಹತ್ತಿರ ಬಂದರೆ ಅರಗು ಮೆತ್ತಗಾಗಿ ಅಲಗು ಅಲುಗಾಡತೊಡಗುತ್ತದೆ. ಸಡಿಲವಾದ ಹಿಡಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸುವ ರೂಢಿಯೂ ಕೆಲವೆಡೆ ಇದೆ. ಉಬ್ಬಿದ ಮರ ಮಾರನೆಯ ದಿನ ಬಿಗಿಯಾಗಿಯೇ ಇರುತ್ತದೆ, ಆದರೆ ಕಬ್ಬಿಣಕ್ಕೆ ಒತ್ತಿ ನಲುಗಿದ ಎಳೆಗಳು ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತವೆ.

ಸೌದೆ ಕಡಿಯುವ ಮಚ್ಚಿಗೆ ನಾನು ಬೀಟೆಯನ್ನು ಹೇಳುವುದಿಲ್ಲ. ಏಟಿನ ಪೆಟ್ಟನ್ನು ತಾಳಬಲ್ಲ ಕರಿಜಾಲಿಯೇ ಅದಕ್ಕೆ ತಕ್ಕದ್ದು; ಬಯಲುಸೀಮೆಯ ರೈತರು ಗಾಡಿಯ ಚಕ್ರಕ್ಕೂ ನೇಗಿಲಿಗೂ ಅದನ್ನೇ ನಂಬಿಕೊಂಡು ಬಂದವರು.

ಪ್ಲಾಸ್ಟಿಕ್ ಹಿಡಿಯ ಮೇಲೆ ನನಗೆ ದ್ವೇಷವಿಲ್ಲ. ನೀರು ಹೀರದ, ಉಜ್ಜಿ ತೊಳೆಯಬಹುದಾದ ಹಿಡಿ ಮಾಂಸದಂಗಡಿಗೂ ಹೋಟೆಲಿಗೂ ಬೇಕೇ ಬೇಕು. ಆದರೆ ಅದರ ಮೈ ಒರಟಾಗಿರಬೇಕು. ಒಮ್ಮೆ ಹಲಸಿನ ಹಣ್ಣು ಕೊಯ್ಯುವಾಗ, ಮೇಣ ಅಂಟದಿರಲೆಂದು ಕೈಗೆ ತೆಂಗಿನೆಣ್ಣೆ ಸವರಿಕೊಂಡಿದ್ದೆ. ನುಣುಪಾದ ಪ್ಲಾಸ್ಟಿಕ್ ಹಿಡಿ ಬೆರಳುಗಳಿಂದ ಜಾರಿ ಅಲಗು ಎಡಗೈ ಹೆಬ್ಬೆರಳಿಗೆ ಇಳಿಯಿತು. ಆ ಗಾಯದ ಗುರುತು ಇಂದಿಗೂ ಇದೆ.

ಕೊಂಬು ಮತ್ತು ದಂತದ ಮಾತು ಬೇರೆ. ಕೊಡವರು ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆಯ ಪಟ್ಟಿಯಾದ ಚೇಲೆಯಲ್ಲಿ ಸಿಕ್ಕಿಸಿಕೊಳ್ಳುವ ಪೀಚೆ ಕತ್ತಿಯ ಹಳೆಯ ಮಾದರಿಗಳಲ್ಲಿ ದಂತದ ಹಿಡಿಯ ಮೇಲೆ ಬೆಳ್ಳಿಯ ಕೆಲಸವನ್ನು ಕಾಣಬಹುದು. ನೋಡಿದರೆ ಕಣ್ಣು ಕೀಳಲಾಗದು. ಆದರೂ ಇಂದು ಹೊಸ ಹಿಡಿಗಾಗಿ ದಂತವನ್ನಾಗಲಿ, ಕಡವೆ ಜಿಂಕೆಗಳ ಕೊಂಬನ್ನಾಗಲಿ ಬಯಸುವುದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವುಗಳ ಮಾರಾಟಕ್ಕೆ ಎಡೆಕೊಡುವುದಿಲ್ಲ. ಕೊಂಬು ತಾನಾಗಿ ಕಾಡಿನಲ್ಲಿ ಉದುರಿದ್ದು ಎಂಬ ನೆಪವೂ ನಡೆಯದು. ಕೊಂಬೇ ಬೇಕೆನ್ನುವವರಿಗೆ ಸಾಕಿದ ಎಮ್ಮೆಯ ಕೊಂಬು ಇದೆ. ಕಾಯಿಸಿದರೆ ಮಣಿಯುವ, ಉಜ್ಜಿದರೆ ಕಪ್ಪು ಗಾಜಿನಂತೆ ಹೊಳೆಯುವ ಸೊಗಸಾದ ವಸ್ತು ಅದು. ಆದರೆ ಮತ್ತೆ ಮತ್ತೆ ನೆನೆದು ಒಣಗಿದರೆ ಪದರ ಬಿಡುತ್ತದೆ, ಮೂಲೆಯಲ್ಲಿ ಬಿಟ್ಟರೆ ಹುಳು ತಿನ್ನುತ್ತದೆ. ಆದ್ದರಿಂದ ಅಡುಗೆಮನೆಗೆ ಅದು ಒಗ್ಗುವುದಿಲ್ಲ.

ಬೀಟೆ ಕೇಳುವ ಆರೈಕೆ ಅಲ್ಪ. ತೊಳೆದ ಕೂಡಲೆ ಒರೆಸಬೇಕು, ವರ್ಷಕ್ಕೆರಡು ಬಾರಿ ಬಟ್ಟೆಯ ತುಂಡಿನಿಂದ ತೆಳುವಾಗಿ ಅಗಸೆ ಎಣ್ಣೆ ತಿಕ್ಕಬೇಕು. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ತೆಂಗಿನೆಣ್ಣೆ ಒಣಗದೆ ಜಿಡ್ಡಾಗಿಯೇ ಉಳಿಯುತ್ತದೆ. ನನ್ನ ಕತ್ತಿಯ ಹಿಡಿಯಲ್ಲಿ, ಮಂಚದ ಕಾಲನ್ನು ಕಡೆದ ಕಾಲದ ಒಂದು ಗೀರನ್ನು ಆಚಾರರು ಅಳಿಸದೆ ಉಳಿಸಿದ್ದಾರೆ. ಹೆಬ್ಬೆರಳು ಕೂರುವುದು ಸರಿಯಾಗಿ ಅಲ್ಲಿಯೇ.

ನಮಸ್ಕಾರ.