ಮಗು ಮಲಗುವ ಕೋಣೆಯಲ್ಲಿ ಹೊಗೆ ಇದೆಯಾ?

ಕೇಳುಗರಿಗೆ ನಮಸ್ಕಾರ. ಮಳೆಗಾಲ ಶುರುವಾದರೆ ನನ್ನ ಕ್ಲಿನಿಕ್ಕಿನ ಬೆಂಚಿನಲ್ಲಿ ಜಾಗ ಇರುವುದಿಲ್ಲ. ಮಕ್ಕಳಿಗೆ ಕೆಮ್ಮು, ರಾತ್ರಿ ಹೊತ್ತು ಎದೆಯಲ್ಲಿ ಸುಯ್ ಸುಯ್ ಸದ್ದು. ‘ಚಳಿ ಡಾಕ್ಟ್ರೇ, ಚಳಿ’ ಅಂತಾರೆ ತಾಯಂದಿರು. ನಾನು ಕೇಳುವುದು ಒಂದೇ ಪ್ರಶ್ನೆ. ಮಗು ಮಲಗುವ ಕೋಣೆಯಲ್ಲಿ ಹೊಗೆ ಇದೆಯಾ?

ಎರಡು ಮಳೆಗಾಲದ ಹಿಂದೆ ಪೊನ್ನಂಪೇಟೆ ಕಡೆಯ ಅಜ್ಜಿಯೊಬ್ಬರು ಐದು ವರ್ಷದ ಮೊಮ್ಮಗನನ್ನು ಕರೆತಂದರು. ಮಗ, ಸೊಸೆ ಇರುವುದು ಬೆಂಗಳೂರಲ್ಲಿ, ಬಸ್ಸು ಲಾರಿ ಓಡಾಡುವ ರಸ್ತೆ ಪಕ್ಕದ ಒಂದೇ ಕೋಣೆಯ ಮನೆಯಲ್ಲಿ. ಹುಡುಗನಿಗೆ ಅಲ್ಲೇ ಅಸ್ತಮಾ ಶುರುವಾಗಿತ್ತು. ‘ಆ ಗಾಳಿ ಇವನಿಗೆ ಆಗಲ್ಲ, ತೋಟದ ಗಾಳಿ ಕುಡಿದರೆ ಸರಿ ಹೋಗ್ತಾನೆ’ ಅಂದರು ಅಜ್ಜಿ. ಅದರಲ್ಲಿ ಅರ್ಧ ನಿಜ ಇದೆ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಇಪ್ಪತ್ತು ವರ್ಷ ಲೆಕ್ಕ ಇಟ್ಟರು. 1979ರಲ್ಲಿ ಅವರು ನೋಡಿದ ಮಕ್ಕಳಲ್ಲಿ ನೂರಕ್ಕೆ 9 ಮಂದಿಗೆ ಅಸ್ತಮಾ ಇತ್ತು. 1999ಕ್ಕೆ ಅದು 29.5 ಆಯಿತು. ವಾಹನ ಜಾಸ್ತಿ ಇರುವ ಕಡೆಯ ಶಾಲೆಗಳಲ್ಲಿ ಕಾಯಿಲೆಯೂ ಜಾಸ್ತಿ. ಬಡವರ ಮಕ್ಕಳಲ್ಲಿ ಇನ್ನೂ ಜಾಸ್ತಿ.

ಆದರೆ ಇಲ್ಲಿಗೆ ಬಂದರೂ ಹುಡುಗನ ಗುಬ್ಬಸ ಇಳಿಯಲಿಲ್ಲ. ಔಷಧಿ ಬದಲಿಸಿದೆ, ಆಗಲೂ ಇಳಿಯಲಿಲ್ಲ. ಒಂದು ಭಾನುವಾರ ಅವರ ಮನೆಗೇ ಹೋದೆ. ಕಕ್ಕಡದ, ಅಂದರೆ ಆಷಾಢದ ಹೊತ್ತಿನ ಮಳೆ, ಕಿಟಕಿಯೆಲ್ಲ ಮುಚ್ಚಿತ್ತು. ಒಲೆಯಲ್ಲಿ ಹಸಿ ಸೌದೆ. ಅದರ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಹುಡುಗನ ಸ್ವೆಟರ್ ಮೂಸಿ ನೋಡಿದೆ, ಬರೀ ಹೊಗೆ ವಾಸನೆ. ಮಂಚದ ಪಕ್ಕ ಅಗ್ಗಿಷ್ಟಿಕೆ, ಮೂಲೆಯಲ್ಲಿ ಸೊಳ್ಳೆ ಬತ್ತಿ, ಗೋಡೆ ತುಂಬ ಕಪ್ಪು ಬೂಷ್ಟು. ಎಲ್ಲವೂ ಮಗುವಿಗೆ ಚಳಿಯಾಗಬಾರದು, ಸೊಳ್ಳೆ ಕಚ್ಚಬಾರದು ಅಂತ ಪ್ರೀತಿಯಿಂದ ಮಾಡಿದ್ದೇ. ಬೈಯಲು ಮನಸ್ಸು ಬರಲಿಲ್ಲ. ‘ಬೆಂಗಳೂರಲ್ಲೂ ಬತ್ತಿ ಹಚ್ತಾರಾ?’ ಅಂತ ಕೇಳಿದೆ. ‘ದಿನಾ ಹಚ್ತಾರೆ, ನಮ್ಮ ಮಗ ಬೀಡಿನೂ ಸೇದ್ತಾನೆ’ ಅಂದರು. ಅಲ್ಲೂ ಹೊಗೆ, ಇಲ್ಲೂ ಹೊಗೆ!

ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಏಳುವ ಸಣ್ಣ ಕಣಗಳು 75ರಿಂದ 137 ಸಿಗರೇಟ್ ಸುಟ್ಟಷ್ಟು. ಮುಚ್ಚಿದ ಕೋಣೆಯಲ್ಲಿ ಅದನ್ನು ರಾತ್ರಿಯಿಡೀ ಮಗು ಎಳೆದುಕೊಳ್ಳುತ್ತದೆ. ನಮಗಿಂತ ಬೇಗ ಬೇಗ ಉಸಿರಾಡುತ್ತದೆ ಬೇರೆ.

ಅಜ್ಜಿ ನನ್ನ ಮಾತು ಕೇಳಿದರು. ಅಗ್ಗಿಷ್ಟಿಕೆ ಆಚೆ ಹೋಯಿತು, ಬತ್ತಿ ಬಿಟ್ಟು ಸೊಳ್ಳೆ ಪರದೆ ಕಟ್ಟಿದರು, ಹುಡುಗನ ಹಾಸಿಗೆ ಒಲೆಯಿಂದ ದೂರದ ಕೋಣೆಗೆ ಹೋಯಿತು. ಮಾರನೆಯ ವರ್ಷ ಬೇಸಿಗೆಯಲ್ಲೇ ಸೌದೆ ಒಣಗಿಸಿ ಇಟ್ಟರು. ಇನ್‌ಹೇಲರ್ ಜೊತೆಗೆ ಇದೂ ಸೇರಿ, ಹುಡುಗ ರಾತ್ರಿ ನಿದ್ದೆ ಮಾಡತೊಡಗಿದ. ಬೆಂಗಳೂರಿಗೆ ವಾಪಸ್ ಹೋಗುವಾಗ ಪರದೆಯನ್ನೂ ತಗೊಂಡು ಹೋದ.

ಕಥೆ ಹೇಳುತ್ತಾ ಸಮಯ ಮುಗಿಯುತ್ತಾ ಬಂತು. ಜಿರಳೆ, ಹಾಸಿಗೆಯ ಧೂಳು, ತಿಂಗಳು ತುಂಬುವ ಮೊದಲೇ ಆದ ಹೆರಿಗೆ, ಮನೆತನದಲ್ಲಿ ಅಸ್ತಮಾ, ಇವೂ ಕಾರಣಗಳೇ. ಆದರೆ ನಾಳೆ ಬೆಳಿಗ್ಗೆಯೇ ನಿಮ್ಮ ಕೈಯಲ್ಲಿ ಆಗುವುದು ಹೊಗೆ ನಿಲ್ಲಿಸುವುದು. ಬೀಡಿ ಸೇದುವವರು ಮನೆಯೊಳಗೆ ಸೇದಲೇಬೇಡಿ. ಇನ್‌ಹೇಲರ್ ಚಟವಾಗುತ್ತದೆ ಅಂತ ಸುಮ್ನೆ ಹೆದರಬೇಡಿ, ಆಗುವುದಿಲ್ಲ. ಮಗುವಿಗೆ ಮಾತಾಡಲು ಆಗದಷ್ಟು ಏದುಸಿರು ಬಂದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ತುಟಿ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಮಸ್ಕಾರ.