ಹಳೇ ಕನ್ಸೋಲ್‌ಗೆ ಹೊಸ ಕಂಟ್ರೋಲರ್: ವೈರ್ ಕಿತ್ತ ಮೇಲೆ ಏನಾಯಿತು

ಈ ನೀಲಿ ಪರದೆ ಕಾಣುತ್ತಿದೆಯಲ್ಲ, ಇದು ಕಮೋಡೋರ್ 64. 1982ರಲ್ಲಿ ಬಂದ ಕಂಪ್ಯೂಟರ್. ನನ್ನ ಕೈಯಲ್ಲಿರುವುದು ಪ್ಲೇಸ್ಟೇಷನ್ 4ರ ಕಂಟ್ರೋಲರ್, 2013ರದ್ದು. ಇವೆರಡರ ನಡುವೆ ವೈರ್ ಇಲ್ಲ. ಈಗ ಕೋಲನ್ನು ಮೇಲಕ್ಕೆ ತಳ್ಳುತ್ತೇನೆ, ನೋಡಿ.

ಪರದೆ ಮೇಲೆ 1 ಅಂತ ಬಂತು. ಬಲಕ್ಕೆ ತಳ್ಳಿದೆ, 2 ಅಂತ ಬಂತು. ಕೆಳಕ್ಕೆ ತಳ್ಳಿದರೆ ಒಂದು ಬಾಣದ ಗುರುತು.

ಇದನ್ನು ಮೊದಲ ಸಲ ನೋಡಿದಾಗ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಕಂಟ್ರೋಲರ್‌ನ ಸುದ್ದಿಯನ್ನು ಕಂಪ್ಯೂಟರ್‌ಗೆ ಮುಟ್ಟಿಸಲು ಮಧ್ಯೆ ಹಾಕಿದ ಅಡಾಪ್ಟರ್ ಕೆಟ್ಟಿದೆ ಅಂದುಕೊಂಡೆ. ಬೆಸುಗೆ ಸರಿಯಿಲ್ಲವೇನೋ ಅಂತ ಬಿಚ್ಚಿ ನೋಡಿದೆ. ಏನೂ ಆಗಿರಲಿಲ್ಲ. ಈ ಕಂಪ್ಯೂಟರ್‌ನಲ್ಲಿ ಜಾಯ್‌ಸ್ಟಿಕ್ ಪೋರ್ಟ್ ಎರಡಿವೆ. ಮೊದಲನೆಯದು ಕೀಬೋರ್ಡ್‌ನ ತಂತಿಗಳನ್ನೇ ಹಂಚಿಕೊಂಡಿದೆ. ಜಾಯ್‌ಸ್ಟಿಕ್ ಆಡಿಸಿದರೆ ಯಾರೋ ಕೀಲಿ ಒತ್ತಿದರು ಅಂತ ಅದು ತಿಳಿದುಕೊಳ್ಳುತ್ತದೆ. ಫೈರ್ ಬಟನ್ ಒತ್ತಿದರೆ ಸ್ಪೇಸ್ ಬಾರ್ ಒತ್ತಿದಂತೆ. ಎಡಕ್ಕೆ ತಳ್ಳಿದರೆ ಕಂಟ್ರೋಲ್ ಕೀಲಿ. ಹಳಬರಿಗೆಲ್ಲ ಗೊತ್ತಿದ್ದ ವಿಷಯ ಇದು. ಆ ಕಾಲದ ಎಷ್ಟೋ ಆಟಗಳು ಎರಡನೇ ಪೋರ್ಟನ್ನೇ ಕೇಳುತ್ತಿದ್ದವಲ್ಲ, ಅದಕ್ಕೆ ಇದೂ ಒಂದು ಕಾರಣ. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಹಾಗಾದರೆ ವೈರ್ ಇರುವ ಜಾಯ್‌ಸ್ಟಿಕ್ ಬಿಟ್ಟು ಈ ಸಾಹಸ ಯಾಕೆ? ಅಕ್ಕನ ಮಗ ಕಾರಣ. ರಜೆಗೆ ಬಂದಿದ್ದ. ಹಳೇ ಕನ್ಸೋಲ್, ಅಂದರೆ ಟಿವಿಗೆ ಹಾಕಿ ಆಡುವ ಆಟದ ಪೆಟ್ಟಿಗೆ, ಅದರ ಕಂಟ್ರೋಲರ್ ವೈರ್ ಗಿಡ್ಡ. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂರಬೇಕು. ಹುಡುಗನಿಗೆ ಆ ಅಭ್ಯಾಸ ಇಲ್ಲ. ಆಟ ಜೋರಾದಾಗ ಹಿಂದಕ್ಕೆ ವಾಲಿದ. ಮೇಜಿನ ಮೇಲಿದ್ದ ಕನ್ಸೋಲ್ ಅವನ ಜೊತೆಗೇ ಹೊರಟಿತು. ನಾನು ಹಿಡಿದುಕೊಂಡೆ, ಉಳಿಯಿತು. "ಮಾಮ, ಇದಕ್ಕೆ ಬ್ಲೂಟೂತ್ ಇಲ್ವಾ?" ಅಂದ. ನಗು ಬಂತು. ಆಮೇಲೆ ರಾತ್ರಿಯೆಲ್ಲ ಅದೇ ಪ್ರಶ್ನೆ ತಲೆಯಲ್ಲಿ ಕೂತಿತು.

ವೈರ್ ಬೇಡ ಅನ್ನುವ ಆಸೆ ಹೊಸದೇನಲ್ಲ. 1989ರಲ್ಲೇ ನಿಂಟೆಂಡೋ ಕಂಪನಿಯ ಎನ್‌ಇಎಸ್ ಕನ್ಸೋಲ್‌ಗೆ ಸ್ಯಾಟಲೈಟ್ ಅನ್ನುವ ಪೆಟ್ಟಿಗೆ ಬಂದಿತ್ತು. ನಾಲ್ಕು ಕಂಟ್ರೋಲರ್ ಅದಕ್ಕೆ ಸಿಕ್ಕಿಸಬೇಕು. ಪೆಟ್ಟಿಗೆಯಿಂದ ಕನ್ಸೋಲ್‌ಗೆ ಮಾತ್ರ ಇನ್ಫ್ರಾರೆಡ್, ಟಿವಿ ರಿಮೋಟ್ ಥರ. ಮಧ್ಯೆ ಯಾರಾದರೂ ಎದ್ದು ನಿಂತರೆ ಕಥೆ ಮುಗಿಯಿತು. 2002ರಲ್ಲಿ ಅದೇ ಕಂಪನಿಯ ಗೇಮ್‌ಕ್ಯೂಬ್ ಕನ್ಸೋಲ್‌ಗೆ ಬಂದ ವೇವ್‌ಬರ್ಡ್ ಕಂಟ್ರೋಲರ್ ರೇಡಿಯೋ ಬಳಸಿತು, ಆ ಕಾಟ ತಪ್ಪಿತು. ಅದರಲ್ಲಿ ನಡುಗುವ ಮೋಟಾರ್ ಇರಲಿಲ್ಲ, ಆದರೂ ಜನ ಅದನ್ನು ಇವತ್ತಿಗೂ ಹುಡುಕುತ್ತಾರೆ.

ಈಗ ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಇದು ಬಿಚ್ಚಿದ ಅಟಾರಿ ಜಾಯ್‌ಸ್ಟಿಕ್. ಒಳಗೆ ಚಿಪ್ ಇದೆಯಾ ನೋಡಿ. ಇಲ್ಲ. ಐದು ಸ್ವಿಚ್, ಅಷ್ಟೇ. ಮೇಲೆ, ಕೆಳಗೆ, ಎಡ, ಬಲ, ಫೈರ್. ಕೋಲು ತಳ್ಳಿದರೆ ಆ ದಿಕ್ಕಿನ ತಂತಿ ಗ್ರೌಂಡ್‌ಗೆ, ಅಂದರೆ ಸೊನ್ನೆ ವೋಲ್ಟಿನ ತಂತಿಗೆ, ತಾಗುತ್ತದೆ. ಕನ್ಸೋಲ್ ಬಯಸುವುದು ಇಷ್ಟೇ, ಯಾವ ತಂತಿ ತಾಗಿದೆ ಅಂತ ನೋಡಿಕೊಳ್ಳುತ್ತದೆ. 1977ರ ಅಟಾರಿ 2600ಕ್ಕೆ ಮಾಡಿದ ಈ ಒಂಬತ್ತು ಪಿನ್ನಿನ ಪ್ಲಗ್ಗನ್ನೇ ಕಮೋಡೋರ್, ಅಮಿಗಾ, ಅಟಾರಿ ಎಸ್‌ಟಿ ಕಂಪ್ಯೂಟರ್‌ಗಳೆಲ್ಲ ಎತ್ತಿಕೊಂಡವು.

ಎನ್‌ಇಎಸ್‌ನದ್ದು ಬೇರೆ ರೀತಿ. ಎಂಟು ಬಟನ್‌ಗೆ ಎಂಟು ತಂತಿ ಎಳೆಯುವ ಬದಲು ಕಂಟ್ರೋಲರ್ ಒಳಗೆ 4021 ಅನ್ನುವ ಪುಟ್ಟ ಚಿಪ್ ಇಟ್ಟರು. ಕನ್ಸೋಲ್ ಮೇಷ್ಟ್ರ ಹಾಗೆ ಹಾಜರಿ ಕರೆಯುತ್ತದೆ. ಎ? ಬಿ? ಸೆಲೆಕ್ಟ್? ಸ್ಟಾರ್ಟ್? ಆಮೇಲೆ ಮೇಲೆ, ಕೆಳಗೆ, ಎಡ, ಬಲ. ಪ್ರತಿ ಹೆಸರಿಗೂ ಒಂದೇ ತಂತಿಯಲ್ಲಿ ಇದ್ದೀನಿ ಅಥವಾ ಇಲ್ಲ ಅನ್ನುವ ಉತ್ತರ. ಹೀಗೆ ಸೆಕೆಂಡಿಗೆ 60 ಸಲ. ಹಾಜರಿ ಕರೆಯುವ ಕ್ರಮ ಯಾವತ್ತೂ ಬದಲಾಗುವುದಿಲ್ಲ.

ಅಡಾಪ್ಟರ್ ಮಾಡುವ ಕೆಲಸ ಇಲ್ಲಿದೆ. ಬ್ಲೂಟೂತ್ ಕಂಟ್ರೋಲರ್‌ಗೆ ಅದರದ್ದೇ ಲೆಕ್ಕ, ತನಗೆ ಬೇಕಾದಾಗ ಸುದ್ದಿ ಕಳಿಸುತ್ತದೆ. ಕನ್ಸೋಲ್‌ಗೆ ಅದರದ್ದೇ ಲೆಕ್ಕ, ಅದು ಕೇಳಿದ ಆ ಕ್ಷಣಕ್ಕೇ ಉತ್ತರ ಬೇಕು. ಸ್ವಲ್ಪ ತಾಳು, ಕಂಟ್ರೋಲರ್‌ನ ಕೇಳಿ ಹೇಳುತ್ತೇನೆ ಅಂದರೆ ಅದು ಕಾಯುವುದಿಲ್ಲ. ಮೈಕ್ರೋಸೆಕೆಂಡಿನ ವ್ಯವಹಾರ. ಹಾಗಾಗಿ ಅಡಾಪ್ಟರ್ ಕೊನೆಗೆ ಬಂದ ಸುದ್ದಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿರುತ್ತದೆ. ಕೇಳಿದ ಕೂಡಲೇ ಒಪ್ಪಿಸುತ್ತದೆ. ಎದುರಿಗಿರುವುದು ತನ್ನ ಹಳೇ ಕಂಟ್ರೋಲರೇ ಅಂತ ಕನ್ಸೋಲ್ ನಂಬಿಕೊಂಡಿರುತ್ತದೆ.

ಇದಕ್ಕೆ ರೆಡಿ ರಿಸೀವರ್‌ಗಳು ಸಿಗುತ್ತವೆ. ಎನ್‌ಇಎಸ್, ಸೂಪರ್ ಎನ್‌ಇಎಸ್, ಮೆಗಾ ಡ್ರೈವ್ ಸಾಕು ಅನ್ನುವವರು 8ಬಿಟ್‌ಡೂ ಕಂಪನಿಯದ್ದು ನೋಡಬಹುದು. ನಾನು ಹಿಡಿದದ್ದು ಬ್ಲೂರೆಟ್ರೋ. ಇದು ಓಪನ್ ಸೋರ್ಸ್ ಫರ್ಮ್‌ವೇರ್, ಅಂದರೆ ಚಿಪ್ ಒಳಗೆ ಕೂರುವ, ಯಾರು ಬೇಕಾದರೂ ಬಳಸಬಹುದಾದ ಪ್ರೋಗ್ರಾಂ. ಇಎಸ್‌ಪಿ32 ಅನ್ನುವ ಸಣ್ಣ ಬೋರ್ಡ್‌ಗೆ ಹಾಕಿ, ಕನ್ಸೋಲ್‌ಗೆ ತಕ್ಕ ಕೇಬಲ್ ಬೆಸುಗೆ ಹಾಕಿಕೊಂಡರೆ ಆಯಿತು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೋ ಸ್ವಿಚ್, ವೀ, ಇವುಗಳ ಬ್ಲೂಟೂತ್ ಕಂಟ್ರೋಲರ್‌ಗಳನ್ನು ಗುರುತು ಹಿಡಿಯುತ್ತದೆ. ಕಮೋಡೋರ್‌ಗೆ ಮಾತ್ರ ಯುನಿಜಾಯ್‌ಸ್ಟಿಕಲ್ ಅನ್ನುವ ಬೇರೆ ಯೋಜನೆ. ಅದೂ ಓಪನ್ ಸೋರ್ಸ್, ಅದಕ್ಕೂ ಇದೇ ಚಿಪ್.

ಬೋರ್ಡ್ ತರಿಸುವಾಗ ನಾನು ಜಾಣತನ ತೋರಿಸಲು ಹೋದೆ. ಹಳೇ ಇಎಸ್‌ಪಿ32 ಯಾಕೆ, ಅದರ ತಮ್ಮ ಎಸ್3 ಇದೆಯಲ್ಲ, ಹೊಸದು, ಅದನ್ನೇ ತರಿಸೋಣ ಅಂತ. ಬಂತು. ಪ್ಲೇಸ್ಟೇಷನ್ ಕಂಟ್ರೋಲರ್ ಕಡೆ ತಿರುಗಿಯೂ ನೋಡಲಿಲ್ಲ. ಬ್ಲೂಟೂತ್‌ನಲ್ಲಿ ಎರಡು ಬಗೆ. ಹಳೆಯದು ಕ್ಲಾಸಿಕ್. ಇನ್ನೊಂದು ಲೋ ಎನರ್ಜಿ. ಎಸ್3ಗೆ ಎರಡನೆಯದು ಮಾತ್ರ ಬರುತ್ತದೆ. ಪ್ಲೇಸ್ಟೇಷನ್ 4ರ ಕಂಟ್ರೋಲರ್ ಮಾತಾಡುವುದು ಮೊದಲನೆಯದರಲ್ಲಿ. ಮೊದಲ ಇಎಸ್‌ಪಿ32ಗೆ ಎರಡೂ ಬರುತ್ತವೆ. ತಪ್ಪು ನನ್ನದೇ. ಆ ಎಸ್3 ಈಗ ಡ್ರಾಯರ್‌ನಲ್ಲಿ ಮಲಗಿದೆ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಇರುವವರಿಗೂ ಒಂದು ಮಾತು. 2013ರ ಮೊದಲ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ನಲ್ಲಿ ಬ್ಲೂಟೂತ್ ಇಲ್ಲವೇ ಇಲ್ಲ. 2016ರಲ್ಲಿ ಒನ್ ಎಸ್ ಜೊತೆ ಬಂದದ್ದರಿಂದ ಇದೆ.

ಪೇರಿಂಗ್, ಅಂದರೆ ಎರಡಕ್ಕೂ ಪರಿಚಯ ಮಾಡಿಸುವುದು, ಸುಲಭ. ಶೇರ್ ಬಟನ್, ಪಿಎಸ್ ಬಟನ್ ಎರಡನ್ನೂ ಒಟ್ಟಿಗೆ ಹಿಡಿಯಿರಿ, ದೀಪ ಪಟಪಟ ಮಿನುಗುತ್ತದೆ, ಅಡಾಪ್ಟರ್ ಹಿಡಿದುಕೊಳ್ಳುತ್ತದೆ. ಆದರೆ ನಾಳೆ ಅದೇ ಕಂಟ್ರೋಲರ್ ಪ್ಲೇಸ್ಟೇಷನ್‌ಗೆ ಬೇಕು ಅಂದರೆ ಮತ್ತೆ ಕೇಬಲ್ ಹಾಕಿ ಪರಿಚಯ ಮಾಡಿಸಬೇಕು. ದಿನಾ ಅದಲುಬದಲು ಮಾಡುವುದು ತಲೆನೋವು. ಹಳೇ ಯಂತ್ರಕ್ಕೆ ಅಂತಲೇ ಒಂದು ಕಂಟ್ರೋಲರ್ ತೆಗೆದಿಡಿ.

ಈಗ ಹೇಳುವುದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ಪ್ಲಗ್ ಹೊಂದಿತು ಅಂದ ಮಾತ್ರಕ್ಕೆ ಸಿಕ್ಕಿಸಬೇಡಿ. ಈ ಮೂರು ಪ್ಲಗ್ ನೋಡಿ. ಕಮೋಡೋರ್, ಎಂಎಸ್ಎಕ್ಸ್ ಅನ್ನುವ ಹಳೇ ಕಂಪ್ಯೂಟರ್, ಮೆಗಾ ಡ್ರೈವ್ ಕನ್ಸೋಲ್. ಮೂರೂ ಒಂಬತ್ತು ಪಿನ್. ಅವಳಿ ಜವಳಿ ಥರ ಕಾಣುತ್ತವೆ. ಒಳಗಿನ ಕಥೆ ಬೇರೆ. ಕಮೋಡೋರ್‌ನಲ್ಲಿ 5 ವೋಲ್ಟ್ ಬರುವುದು ಏಳನೇ ಪಿನ್‌ನಲ್ಲಿ, ಗ್ರೌಂಡ್ ಎಂಟನೆಯದು. ಮೆಗಾ ಡ್ರೈವ್‌ನಲ್ಲಿ 5 ವೋಲ್ಟ್ ಐದನೇ ಪಿನ್. ಏಳನೆಯದು ಯಾವ ಬಟನ್ ಗುಂಪು ಬೇಕು ಅಂತ ಕನ್ಸೋಲ್ ಕೇಳುವ ತಂತಿ. ಎಂಎಸ್ಎಕ್ಸ್‌ನಲ್ಲೂ 5 ವೋಲ್ಟ್ ಐದರಲ್ಲೇ, ಆದರೆ ಗ್ರೌಂಡ್ ಒಂಬತ್ತಕ್ಕೆ ಹೋಗಿದೆ. ಮೆಗಾ ಡ್ರೈವ್ ಕಂಟ್ರೋಲರ್ ಒಳಗೆ ಚಿಪ್ ಬೇರೆ ಇದೆ. ಅದು ಸುಮ್ಮನೆ ತಂತಿ ತಾಗಿಸುವುದಿಲ್ಲ, ತಾನೇ ವೋಲ್ಟೇಜ್ ಕೊಡುತ್ತದೆ. ಅದನ್ನು ನೇರ ಕಮೋಡೋರ್‌ಗೆ ಸಿಕ್ಕಿಸಿದರೆ ಕೀಬೋರ್ಡ್ ನೋಡಿಕೊಳ್ಳುವ ಚಿಪ್‌ಗೇ ಪೆಟ್ಟು ಬೀಳಬಹುದು. ಆ ಚಿಪ್ ಈಗ ಯಾರೂ ಹೊಸದಾಗಿ ಮಾಡುವುದಿಲ್ಲ. ಅಡಾಪ್ಟರ್ ಮಾಡುವಾಗಲೂ ಇದೇ ಎಚ್ಚರ ಬೇಕು. ಇಎಸ್‌ಪಿ32 ಓಡುವುದು 3.3 ವೋಲ್ಟ್‌ನಲ್ಲಿ, ಆ ಕಾಲದ ಬಹಳಷ್ಟು ಯಂತ್ರಗಳು 5 ವೋಲ್ಟ್‌ನಲ್ಲಿ. ಮಧ್ಯೆ ಹೊಂದಿಸುವ ಭಾಗ ಬೇಕೇ ಬೇಕು. ನಿಂಟೆಂಡೋ 64, ಗೇಮ್‌ಕ್ಯೂಬ್‌ನಂಥವು ತಾವೇ 3.3ರವು. ಇನ್ನೊಂದು, ರೇಡಿಯೋ ಚಿಪ್‌ಗೆ ಕರೆಂಟ್ ಹಸಿವು ಜಾಸ್ತಿ. ಹಳೇ ಕಂಪ್ಯೂಟರ್‌ನ ಜಾಯ್‌ಸ್ಟಿಕ್ ಪೋರ್ಟಿನಿಂದ ಅಷ್ಟು ಎಳೆಯುವುದಕ್ಕೆ ನನಗೆ ಧೈರ್ಯ ಇಲ್ಲ. ನಾನು ಬೇರೆ ಯುಎಸ್‌ಬಿ ಚಾರ್ಜರ್‌ನಿಂದ ಕೊಡುತ್ತೇನೆ. ಹೌದು, ವೈರ್‌ಲೆಸ್ ಮಾಡಲು ಹೋಗಿ ಒಂದು ವೈರ್ ಜಾಸ್ತಿಯಾಯಿತು. ನಗಬೇಡಿ.

ಇನ್ನು ಎಲ್ಲರೂ ಕೇಳುವುದು ಲ್ಯಾಗ್. ಒತ್ತಿದ್ದಕ್ಕೂ ಆಗುವುದಕ್ಕೂ ನಡುವಿನ ತಡ. ಸೆಕೆಂಡಿಗೆ 60 ಚಿತ್ರ ತೋರಿಸುವ ಕನ್ಸೋಲ್‌ನಲ್ಲಿ ಒಂದು ಚಿತ್ರ ಉಳಿಯುವುದು 16.7 ಮಿಲಿಸೆಕೆಂಡ್. ನಾನು ಫೋನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು ಬೆರಳನ್ನೂ ಪರದೆಯನ್ನೂ ಒಟ್ಟಿಗೆ ಚಿತ್ರೀಕರಿಸಿದೆ. ಈಗ ಓಡುತ್ತಿರುವುದು ಅದೇ. ಎಡಗಡೆ ವೈರ್, ಬಲಗಡೆ ಬ್ಲೂಟೂತ್, ಎರಡೂ ಹಳೇ ಪಿಕ್ಚರ್ ಟ್ಯೂಬ್ ಟಿವಿ ಮೇಲೆ. ಬಹಳ ಸಲ ಎರಡರಲ್ಲೂ ಆಟದ ಬೊಂಬೆ ಒಂದೇ ಚಿತ್ರದಲ್ಲಿ ಹಾರಿತು. ಕೆಲವು ಸಲ ಬ್ಲೂಟೂತ್ ಒಂದು ಚಿತ್ರ ಹಿಂದೆ ಬಿತ್ತು. ಅದೇ ಕನ್ಸೋಲನ್ನು ಚಪ್ಪಟೆ ಟಿವಿಗೆ ಹಾಕಿದೆ, ಗೇಮ್ ಮೋಡ್ ಇಲ್ಲದೆ. ವೈರ್ ಇದ್ದ ಕಂಟ್ರೋಲರ್ ಕೂಡ ಅದಕ್ಕಿಂತ ಹಿಂದೆ ಬಿತ್ತು. ಬ್ಲೂಟೂತ್ ಬೈಯುವ ಮೊದಲು ಟಿವಿ ಸೆಟ್ಟಿಂಗ್ ತೆಗೆದು ನೋಡಿ.

ಲ್ಯಾಗ್‌ಗಿಂತ ನನ್ನನ್ನು ಕಾಡಿದ್ದು ಅನಲಾಗ್ ಕೋಲು. ಇವತ್ತಿನ ಕೋಲಿಗೆ ಸ್ವಲ್ಪ ಎಡ, ಪೂರ್ತಿ ಎಡ ಅಂತೆಲ್ಲ ಇದೆ. ಹಳೇ ಯಂತ್ರಕ್ಕೆ ಎಡ ಅಂದರೆ ಎಡ. ಎಷ್ಟು ವಾಲಿದರೆ ಎಡ ಅನ್ನುವುದನ್ನು ಅಡಾಪ್ಟರ್ ತೀರ್ಮಾನ ಮಾಡಬೇಕು. ಆ ಗೆರೆಯನ್ನು ನಡುವಿಗೆ ಹತ್ತಿರ ಎಳೆದರೆ ಬೆರಳು ನಡುಗಿದರೂ ಬೊಂಬೆ ಓಡುತ್ತದೆ. ದೂರ ಎಳೆದರೆ ಮೂಲೆ ದಿಕ್ಕು ಸಿಗುವುದೇ ಇಲ್ಲ. ನನ್ನ ಮಾತು ಕೇಳಿದರೆ ಇಂಥ ಆಟಕ್ಕೆ ಡಿ-ಪ್ಯಾಡ್, ಅಂದರೆ ನಾಲ್ಕು ದಿಕ್ಕಿನ ಒತ್ತುಗುಂಡಿ, ಬಳಸಿ. ನಿಂಟೆಂಡೋ 64ಗೆ ಮಾತ್ರ ಕೋಲು ಬೇಕೇ ಬೇಕು. ಅಲ್ಲಿ ಹಳದಿ ಸಿ ಬಟನ್ ನಾಲ್ಕನ್ನೂ ಬಲಗಡೆ ಕೋಲಿಗೆ ಕೊಟ್ಟರೆ ಕೈಗೆ ಚೆನ್ನಾಗಿ ಕೂರುತ್ತದೆ.

ಕೋಲು, ಡಿ-ಪ್ಯಾಡ್ ಎರಡೂ ಒಂದೇ ಕೆಲಸ ಮಾಡಲಿ ಅಂತ ಬಿಟ್ಟಿದ್ದೆ. ಅಕ್ಕನ ಮಗ ಸುಮ್ನೆ ಇರುತ್ತಾನಾ? ಡಿ-ಪ್ಯಾಡ್‌ನಲ್ಲಿ ಎಡ ಒತ್ತಿ, ಕೋಲನ್ನು ಬಲಕ್ಕೆ ತಳ್ಳಿದ. ಹಳೇ ಕಂಟ್ರೋಲರ್‌ನಲ್ಲಿ ಎಡ ಬಲ ಒಟ್ಟಿಗೆ ಒತ್ತಲು ಆಗುವುದೇ ಇಲ್ಲ, ಪ್ಲಾಸ್ಟಿಕ್ ತುಂಡೇ ಬಿಡುವುದಿಲ್ಲ. ಹಾಗಾಗಿ ಆಟ ಬರೆದವರು ಎಷ್ಟೋ ಜನ ಆ ಸಾಧ್ಯತೆ ಯೋಚನೆಯೇ ಮಾಡಿರಲಿಲ್ಲ. ಬೊಂಬೆ ಹಿಮ್ಮುಖವಾಗಿ ಗೋಡೆಯೊಳಗೆ ನುಗ್ಗಿ ಮಾಯವಾಯಿತು. "ಮಾಮ, ಚೀಟ್ ಕೋಡ್!" ಅಂತ ಕುಣಿದ. ನಾನು ಕೋಲನ್ನು ಆಫ್ ಮಾಡಿದೆ. ಅವನಿಗೆ ಬೇಜಾರಾಯಿತು.

ಈಗ ನನಗೆ ಇಷ್ಟವಾದ ಭಾಗ. ಕಮೋಡೋರ್ ಕಾಲದ ಜಾಯ್‌ಸ್ಟಿಕ್‌ಗೆ ಒಂದೇ ಬಟನ್. ಅದು ಗುಂಡು ಹಾರಿಸಲು. ಹಾರಬೇಕು ಅಂದರೆ ಕೋಲನ್ನು ಮೇಲಕ್ಕೆ ತಳ್ಳಬೇಕು. ಓಡುತ್ತಾ ಹಳ್ಳ ದಾಟುವುದು ಅಂದರೆ ಬಲಕ್ಕೂ ಮೇಲಕ್ಕೂ ನಡುವೆ ಮೂಲೆ ಹಿಡಿಯಬೇಕು. ನಾನು ಆ ಆಟಗಳಲ್ಲಿ ಬಿದ್ದು ಸತ್ತದ್ದಕ್ಕೆ ಲೆಕ್ಕ ಇಲ್ಲ. ಅಡಾಪ್ಟರ್‌ನಲ್ಲಿ ಮೇಲೆ ಅನ್ನುವುದನ್ನೇ ಒಂದು ಬಟನ್‌ಗೆ ಕೊಡಬಹುದು. ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಅದರ ಪಾಲಿಗೆ ಒಂದನೇ ಪಿನ್ ಗ್ರೌಂಡ್‌ಗೆ ತಾಗಿತು, ಅಷ್ಟೇ. ಹೆಬ್ಬೆರಳಿನಿಂದ ಹಾರಿದೆ. ಹತ್ತಾರು ವರ್ಷ ದಾಟಲಾಗದ ಹಳ್ಳ, ಮೊದಲ ಸಲಕ್ಕೇ ದಾಟಿತು. ಇದು ಮೋಸ ಅನ್ನುವವರು ಇದ್ದಾರೆ. ಇರಲಿ ಬಿಡಿ.

ಎಲ್ಲವೂ ಹೀಗೆ ಹೊಂದುವುದಿಲ್ಲ. ಪರದೆಗೆ ಗುರಿಯಿಟ್ಟು ಹೊಡೆಯುವ ಲೈಟ್ ಗನ್ ಬಿಟ್ಟುಬಿಡಿ, ಅದಕ್ಕೆ ಪಿಕ್ಚರ್ ಟ್ಯೂಬೇ ಬೇಕು. ಇಂಟೆಲಿವಿಷನ್, ಕೊಲೆಕೋವಿಷನ್ ಕಂಟ್ರೋಲರ್‌ಗಳ ಮೇಲೆ ಫೋನ್ ಥರ ಹನ್ನೆರಡು ಕೀಲಿ. ಅವನ್ನೆಲ್ಲ ಎಲ್ಲಿ ಕೂರಿಸುತ್ತೀರಿ? ಇನ್ನು ಇದು, ಅಟಾರಿ ಪ್ಯಾಡಲ್. ತಿರುಗಿಸುವ ಗುಂಡಿ. ಇದರೊಳಗೆ ಇರುವುದು ರೇಡಿಯೋದ ವಾಲ್ಯೂಮ್ ಗುಂಡಿಯಂಥ ಭಾಗ. ಕನ್ಸೋಲ್ ಒಂದು ಕೆಪಾಸಿಟರ್, ಅಂದರೆ ಕರೆಂಟ್ ತುಂಬಿಡುವ ಪುಟ್ಟ ಭಾಗ, ತುಂಬಲು ಎಷ್ಟು ಹೊತ್ತು ಹಿಡಿಯಿತು ಅಂತ ಎಣಿಸಿ ಗುಂಡಿ ಎಲ್ಲಿದೆ ಅಂತ ಪತ್ತೆ ಮಾಡುತ್ತದೆ. ಕೋಲಿನಿಂದ ಇದನ್ನು ನಟಿಸಲು ಪ್ರಯತ್ನಿಸಿದೆ. ಬ್ಯಾಟ್ ಚೆಂಡಿನ ಹತ್ತಿರ ಹೋಯಿತು, ದಾಟಿತು, ವಾಪಸ್ ಬಂತು, ಮತ್ತೆ ದಾಟಿತು. ಬೆರಳು ಬಿಟ್ಟರೆ ಕೋಲು ನಡುವಿಗೆ ಓಡಿ ಬರುತ್ತದೆ, ಗುಂಡಿ ಬಿಟ್ಟಲ್ಲೇ ಇರುತ್ತದೆ. ಆ ಒಂದು ಗುಣ ಯಾವ ಫರ್ಮ್‌ವೇರೂ ಕೊಡಲಿಲ್ಲ.

ಹಾಗಾಗಿ ಕೊನೆಯ ಶಾಟ್‌ನಲ್ಲಿ ನಾವಿಬ್ಬರೂ ಟಿವಿಗೆ ಮೂಗು ತಾಗಿಸಿಕೊಂಡು ಕೂತಿರುವುದು ಕಾಣುತ್ತಿದೆಯಲ್ಲ, ಅದು ಪ್ಯಾಡಲ್ ಆಟ. ವೈರ್ ಇದೆ. ಕನ್ಸೋಲನ್ನು ಮಾತ್ರ ಈ ಸಲ ನೆಲದ ಮೇಲೆ ಇಟ್ಟಿದ್ದೇನೆ.